ಮೂರು ತುಂಡಾದ ಸುಮಿಯನ್ನು ಮತ್ತೆ ಒಂದು ಮಾಡಿದ್ದು

ಸುಮಿ ಅಂದರೆ ಜಪಾನಿನ ಮಸಿಕಡ್ಡಿ, ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಕುಂಚದಲ್ಲಿ ಬರೆಯುವುದು. ಹಳೇ ಸುಮಿ ಮುರಿದರೆ ಮುಗೀತು, ತುಂಡುಗಳನ್ನೇ ತೇಯ್ದು ಬರೀರಿ ಅಂದವರು ಒಬ್ಬಿಬ್ಬರಲ್ಲ. ಅವರಲ್ಲೇ ಒಬ್ಬರ ಕೈಗೆ ಮೊನ್ನೆ ನನ್ನ ಐದು ಚೋ (ಸುಮಾರು 75 ಗ್ರಾಂ) ಕಡ್ಡಿ ಕೊಟ್ಟೆ. ಎರಡು ಕಡೆ ಮುರಿದಿದ್ದನ್ನು ಕೂಡಿಸಿದ್ದೇನೆ, ಎಲ್ಲಿ ಹೇಳಿ ಅಂದೆ. ಕನ್ನಡಕ ತೆಗೆದು, ಹಾಕಿ, ದೀಪಕ್ಕೆ ಹಿಡಿದು ನೋಡಿದರು. ಒಂದು ಸಿಕ್ಕಿತು. ಇನ್ನೊಂದು ಸಿಗಲೇ ಇಲ್ಲ!

ನಾನಿರುವುದು ಒಸಾಕಾದಲ್ಲಿ. ಶಿತೆನ್ನೋಜಿ ದೇವಸ್ಥಾನದ 21ನೇ ತಾರೀಖಿನ ಸಂತೆಯಲ್ಲಿ ಒಂದು 'ಕಿರಿ' (ಪೌಲೋನಿಯಾ) ಮರದ ಪೆಟ್ಟಿಗೆ ಸಿಕ್ಕಿತ್ತು. ಆರು ಕಡ್ಡಿ, ಏಳೆಂಟು ಸಾವಿರ ಯೆನ್. ಎಲ್ಲ ಸುಮಿಗೆ ಹೆಸರಾದ ನಾರಾ ಊರಿನ ಮಾಲು, ಒಂದರ ಮೇಲೆ ಚಿನ್ನದ ಬಣ್ಣ ಇನ್ನೂ ಹಾಗೇ ಇತ್ತು. ಮನೆಗೆ ತಂದವನು ಹೀಟರ್ ಎದುರಿನ ಶೆಲ್ಫಲ್ಲಿ ಇಟ್ಟೆ. ಜನವರಿ ತಿಂಗಳು. ನಾಲ್ಕನೇ ದಿನ ರಾತ್ರಿ 'ಟಕ್' ಅಂತ ಕಡ್ಡಿ ಮುರಿದ ಸದ್ದಾಯಿತು. ಸುಮಿ ಇಟ್ಟುಕೊಂಡವರಿಗೆ ಆ ಸದ್ದು ಗೊತ್ತು, ಅಲ್ವಾ?

ಮೊದಲು ಸೂಪರ್ ಗ್ಲೂ. ಗಟ್ಟಿಯಾಗೇ ಕೂತಿತು. ಆದರೆ ತೇಯುತ್ತಾ ಆ ಗೆರೆಗೆ ಬಂದಾಗ ಪ್ಲಾಸ್ಟಿಕ್ ಚೂರಿನ ಹಾಗೆ ಕೆರೆಯಿತು, ಸುಜುರಿ, ಅಂದರೆ ತೇಯುವ ಕಲ್ಲಿನ ಮೇಲೆ ಗೀರು ಬಿತ್ತು. ಆ ಕಲ್ಲಿಗೆ ಕೊಟ್ಟ ದುಡ್ಡು ಹೇಳಿದರೆ ಮನೆಯಲ್ಲಿ ಊಟ ಸಿಗಲ್ಲ. ಆಮೇಲೆ ಬರೀ ನಿಕಾವಾ, ಅಂದರೆ ಸುಮಿಯಲ್ಲಿ ಮಸಿಯನ್ನು ಹಿಡಿದಿಡುವ ಪ್ರಾಣಿಜನ್ಯ ಅಂಟು, ಕಾಯಿಸಿ ಹಚ್ಚಿದೆ. ಒಣಗುತ್ತಾ ಕುಗ್ಗಿತು, ಅಂಚೆಲ್ಲ ಬಾಯಿಬಿಟ್ಟಿತು. ಮಳೆಗಾಲಕ್ಕೆ ಬಿಳಿ ಬೂಷ್ಟು ಬೇರೆ.

ಕೆಲಸ ಮಾಡಿದ್ದು ಸುಮಿಯೇ. ಅದೇ ಕಡ್ಡಿಯಿಂದ ಉದುರಿದ ಚೂರುಗಳನ್ನು ನಾಲ್ಕೈದು ಹನಿ ನೀರಲ್ಲಿ, ಮುಕ್ಕಾಲು ಗಂಟೆ, ಜೋನಿಬೆಲ್ಲದ ಹದಕ್ಕೆ ತೇಯ್ದೆ. ಬೇರೆ ಕಡ್ಡಿಯ ಮಸಿ ಹಾಕಬೇಡಿ, ಪೈನ್ ಮಸಿಯ ನೀಲಿ ಛಾಯೆ ಎಣ್ಣೆ ಮಸಿಯ ಕಂದಿನ ನಡುವೆ ಎದ್ದು ಕಾಣುತ್ತದೆ. ಎರಡೂ ಮುಖಕ್ಕೆ ಹಚ್ಚಿ, ಒತ್ತಿ, ಹೊರಬಂದಿದ್ದನ್ನು ಒರೆಸಿ, ವಾಶಿ ಎಂಬ ಜಪಾನಿ ಕಾಗದ ಸುತ್ತಿದೆ.

ಮೊದಲ ಸಲ ಇಷ್ಟು ಮಾಡಿ ಮೇಜಿನ ಮೇಲೆ ಬಿಟ್ಟಿದ್ದೆ. ಬೆಳಿಗ್ಗೆ ಮತ್ತೆ ಎರಡು ತುಂಡು. ಆಗ ಹೊಳೆಯಿತು: ನಾರಾದವರು ಹಸಿ ಸುಮಿಯನ್ನು ಗಾಳಿಗೆ ಬಿಡುತ್ತಾರಾ? ಬೂದಿಯಲ್ಲಿ ಹೂಳುತ್ತಾರೆ, ದಿನಾ ಸ್ವಲ್ಪ ಸ್ವಲ್ಪ ಒಣ ಬೂದಿಗೆ ಬದಲಿಸುತ್ತಾರೆ. ಊರಲ್ಲಿ ಅಜ್ಜಿ ಬಿತ್ತನೆ ಬೀಜವನ್ನು ಬೂದಿಯಲ್ಲಿ ಇಡುತ್ತಿದ್ದದ್ದು ನೆನಪಾಯಿತು. ಹಿಬಾಚಿ (ಜಪಾನಿನ ಅಗ್ಗಿಷ್ಟಿಕೆ) ಬೂದಿ ತಂದು, ಜರಡಿ ಹಿಡಿದು, ಮುಷ್ಟಿ ಕಟ್ಟಿದರೆ ನಿಲ್ಲುವಷ್ಟು ತೇವ ಮಾಡಿದೆ. ಕಡ್ಡಿಯನ್ನು ಅದರಲ್ಲಿ ಹೂತು ಎರಡು ವಾರ ಬೂದಿ ಬದಲಿಸಿದೆ, ಆಮೇಲೆ ಒಂದೆರಡು ತಿಂಗಳು ಪೆಟ್ಟಿಗೆಯಲ್ಲಿ. ಉಗುರಲ್ಲಿ ತಟ್ಟಿದರೆ ಈಗ 'ಟಣ್' ಅನ್ನುತ್ತದೆ. ಒಳಗೆ ಬಿರುಕಿದ್ದರೆ 'ಡಬ್' ಅನ್ನುತ್ತಿತ್ತು.

ಹಚ್ಚುವ ಮುಂಚೆ ಮುರಿದ ಮುಖಕ್ಕೆ ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಕ್ಷಮಿಸಿ. ಕಾಣದ ಆ ಎರಡನೇ ಗೆರೆ ಅದರದ್ದೇ ಮಹಿಮೆ.

ಈ ಹುರುಪಲ್ಲಿ ಹರಳೆಣ್ಣೆ ದೀಪದ ಕಾಡಿಗೆ ಹಿಡಿದು ಸ್ವಂತ ಸುಮಿ ಮಾಡಲೂ ಹೋದೆ. ಪರಿಮಳಕ್ಕೆ ಊರಿಂದ ತಂದ ಪಚ್ಚಕರ್ಪೂರ ಹಾಕಿದೆ. ನಿಕಾವಾ ಹಾಕಿ ಕಲಸಿದ್ದು ಜುಲೈಯ ಸೆಕೆಯಲ್ಲಿ! ನಾರಾದವರು ಚಳಿಗಾಲದಲ್ಲೇ ಯಾಕೆ ಮಾಡುತ್ತಾರೆ ಅಂತ ಮೂರನೇ ದಿನ ಮೂಗಿಗೆ ಗೊತ್ತಾಯಿತು. ಹೆಂಡತಿ ಡಬ್ಬಿ ಸಮೇತ ಬಾಲ್ಕನಿಗೆ ಇಟ್ಟಳು. ಅದು ಇನ್ನೂ ಅಲ್ಲೇ ಇದೆ.