ಬೆಲೊ ಬ್ಲಾಟೊದಂಥ ಊರಿನ ಜನಗಣತಿ ಓದುವುದು ಹೇಗೆ

ಸೆರ್ಬಿಯಾದ ಉತ್ತರ ಭಾಗದ ವೊಯ್ವೊದಿನ ಪ್ರಾಂತ್ಯದಲ್ಲಿ ಆಡಳಿತಕ್ಕೇ ಆರು ಭಾಷೆಗಳಿವೆ. ಅಲ್ಲಿ ಜ್ರೆನ್ಯಾನಿನ್ ನಗರದ ಹತ್ತಿರ, ತ್ಸಾರ್ಸ್ಕ ಬಾರ ಎಂಬ ಜೌಗು ನೆಲದ ಪಕ್ಕದಲ್ಲಿ ಬೆಲೊ ಬ್ಲಾಟೊ ಎಂಬ ಹಳ್ಳಿ ಇದೆ. 2002ರಲ್ಲಿ ಸುಮಾರು 1,500 ಜನ. ಸ್ಲೊವಾಕರು ಜಾಸ್ತಿ, ಆದರೂ ಅರ್ಧ ದಾಟುವುದಿಲ್ಲ. ಉಳಿದವರು ಹಂಗೇರಿಯನ್ನರು, ಸೆರ್ಬರು, ಬಲ್ಗೇರಿಯನ್ನರು. ಹಳೇ ಗಣತಿ ಪಟ್ಟಿ ಓದುವುದು ನನಗೆ ಬಹಳ ಇಷ್ಟ, ಅದರಲ್ಲೂ ಇಂಥ ಊರು ಸಿಕ್ಕರೆ ಬಿಡುವುದೇ ಇಲ್ಲ. ನಾನು ಓದುವ ಕ್ರಮ ಹೇಳುತ್ತೇನೆ.

ಮೊದಲು ಊರಿನ ಎಲ್ಲ ಹೆಸರು ಬರೆದುಕೊಳ್ಳಿ. ಜರ್ಮನ್ನರಿಗೆ ಇದು ಎಲಿಜೆನ್‌ಹೈಮ್, ಹಂಗೇರಿಯನ್ನರಿಗೆ ಎರ್ಜೇಬೆತ್‌ಲಾಕ್. 1918ರವರೆಗೆ ಈ ಭಾಗ ಹಂಗೇರಿ ರಾಜ್ಯದಲ್ಲಿತ್ತು, ಹಾಗಾಗಿ ಆಗಿನ ದಾಖಲೆಯಲ್ಲಿ ಸೆರ್ಬಿಯನ್ ಹೆಸರು ಹುಡುಕಿ ಪ್ರಯೋಜನವಿಲ್ಲ. ನಗರದ ಹೆಸರೂ ಬದಲಾಗಿದೆ: ಬೆಚ್ಕೆರೆಕ್, 1935ರಿಂದ ಪೆತ್ರೊವ್‌ಗ್ರಾದ್, 1946ರಿಂದ ಜ್ರೆನ್ಯಾನಿನ್.

ಆಮೇಲೆ ಸೆರ್ಬಿಯಾದ ಅಂಕಿಅಂಶ ಇಲಾಖೆಯ ಪುಸ್ತಕ ತೆಗೆಯಿರಿ. 1948ರಿಂದ 2022ರವರೆಗೆ ಪ್ರತಿ ಊರಿನ ಜನಸಂಖ್ಯೆ ಅದರಲ್ಲಿದೆ.

ಈಗ ಅಂಕಿ ಬಿಟ್ಟು ಪ್ರಶ್ನೆ ನೋಡಿ. ನನ್ನ ಮಟ್ಟಿಗೆ ಇದೇ ಮುಖ್ಯ ಕೆಲಸ. 1910ರ ಹಂಗೇರಿ ಗಣತಿಯಲ್ಲಿ ಜನಾಂಗ ಕೇಳಲಿಲ್ಲ, ಮಾತೃಭಾಷೆ ಕೇಳಿದರು. ಅಂದರೆ ಯಾವ ಭಾಷೆ ಚೆನ್ನಾಗಿ, ಇಷ್ಟಪಟ್ಟು ಮಾತಾಡುತ್ತೀರಿ ಅಂತ. ಹಂಗೇರಿಯನ್ ಶಾಲೆಗೆ ಹೋದ ಸ್ಲೊವಾಕ್ ಹುಡುಗ ಹಂಗೇರಿಯನ್ ಅಂದಿರಬಹುದು, ಅಲ್ವಾ? 1921ರಲ್ಲೂ ಭಾಷೆ, ಧರ್ಮವನ್ನೇ ಕೇಳಿದರು. 1948ರಲ್ಲಿ ಜನಾಂಗವನ್ನೇ ಕೇಳಿದರು. ಆದ್ದರಿಂದ ಭಾಷೆಯ ಅಂಕಿ, ಜನಾಂಗದ ಅಂಕಿ ಎರಡನ್ನೂ ಒಂದೇ ಗೆರೆಯಲ್ಲಿಟ್ಟು ಏರಿತು, ಇಳಿಯಿತು ಅನ್ನಬೇಡಿ.

‘ಯುಗೊಸ್ಲಾವ್’ ಕಾಲಂ ಮರೆಯಬೇಡಿ, ಅಂದರೆ ಜನಾಂಗದ ಬದಲು ಆಗಿನ ದೇಶ ಯುಗೊಸ್ಲಾವಿಯದ ಹೆಸರು ಹೇಳಿದವರ ಕಾಲಂ. 1981ರಲ್ಲಿ ವೊಯ್ವೊದಿನದಲ್ಲಿ ಸುಮಾರು 1,67,000 ಜನ ತಮ್ಮನ್ನು ಹಾಗೆ ಕರೆದುಕೊಂಡರು. 2002ರಲ್ಲಿ ಸುಮಾರು 50,000. ಇಷ್ಟೂ ಜನ ಊರು ಬಿಟ್ಟು ಹೋದರೆಂದಲ್ಲ. ಎಷ್ಟೋ ಜನ ಮನೆಯಲ್ಲೇ ಇದ್ದು ಉತ್ತರ ಬದಲಿಸಿದರು. ಬೇರೆ ಬೇರೆ ಜನಾಂಗದ ತಂದೆತಾಯಿಯ ಮಕ್ಕಳಿಗೆ ಆ ಕಾಲಂ ಎಷ್ಟು ಬೇಕಾಗಿತ್ತು ಅಂತ ಯೋಚಿಸಿ. ಇನ್ನೊಂದು ವಿಷಯ: 2002ರಿಂದ ಒಂದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿದ್ದವರನ್ನು ಲೆಕ್ಕದಿಂದ ಬಿಟ್ಟರು. ಕುಸಿತದಲ್ಲಿ ಅದರ ಪಾಲೂ ಇದೆ.

1931ಕ್ಕೂ 1948ಕ್ಕೂ ನಡುವೆ ಜರ್ಮನ್ನರ ಸಾಲು ವೊಯ್ವೊದಿನದ ಉದ್ದಕ್ಕೂ ಕುಸಿಯುತ್ತದೆ. ಅದು ಪ್ರಶ್ನೆ ಬದಲಾದದ್ದರಿಂದ ಅಲ್ಲ. ಯುದ್ಧದ ಕೊನೆಯಲ್ಲಿ ಕೆಲವರು ಓಡಿದರು, ಉಳಿದವರಲ್ಲಿ ಬಹಳ ಜನರನ್ನು ಶಿಬಿರಗಳಿಗೆ ಹಾಕಿದರು. ಅಲ್ಲಿ ಸತ್ತವರೂ ತುಂಬಾ. ಆ ಎರಡು ಅಂಕಿಗಳ ನಡುವೆ ಸ್ವಲ್ಪ ಹೊತ್ತು ನಿಲ್ಲಿ.

ಗಣತಿ ಸಾಲದಿದ್ದರೆ ಚರ್ಚಿನ ದಾಖಲೆ ನೋಡಿ. ಸರ್ಕಾರಿ ಜನನ-ಮರಣ ನೋಂದಣಿ ಶುರುವಾದದ್ದು 1895ರ ಅಕ್ಟೋಬರ್‌ನಲ್ಲಿ, ಅದಕ್ಕೆ ಮುಂಚೆ ಇರುವುದು ಅದೊಂದೇ. ಸ್ಲೊವಾಕರು ಹೆಚ್ಚಾಗಿ ಲೂಥರನ್, ಸೆರ್ಬರು ಆರ್ಥೊಡಾಕ್ಸ್. ಬನಾತ್‌ನ (ಈ ಊರಿರುವ ಪ್ರದೇಶ) ಬಲ್ಗೇರಿಯನ್ನರಾದರೆ ಕ್ಯಾಥೊಲಿಕ್, ಬರೆಯುವುದೂ ಲ್ಯಾಟಿನ್ ಲಿಪಿಯಲ್ಲಿ. ಅವರ ಪೂರ್ವಿಕರಲ್ಲಿ ಅನೇಕರು ಬಲ್ಗೇರಿಯಾದ ಚಿಪ್ರೊವ್ತ್ಸಿಯಲ್ಲಿ 1688ರಲ್ಲಿ ನಡೆದ ದಂಗೆಯ ನಂತರ ಊರು ಬಿಟ್ಟವರು.

ಅಡ್ಡಹೆಸರು ನೋಡಿ ಸುಮ್ನೆ ಜನಾಂಗ ಹೇಳಬೇಡಿ. ಗುಮಾಸ್ತ ಹಂಗೇರಿಯನ್ ಕಾಗುಣಿತದಲ್ಲಿ ಬರೆದರೆ ಸ್ಲೊವಾಕ್ ಹೆಸರೂ ಹಂಗೇರಿಯನ್ನಂತೆ ಕಾಣುತ್ತದೆ. ಗೋರಿಕಲ್ಲಿನಲ್ಲಿ ಅಡ್ಡಹೆಸರು ಮೊದಲಿದೆಯೇ (ಅದು ಹಂಗೇರಿಯನ್ ರೂಢಿ), ಲಿಪಿ ಯಾವುದು, ಪಕ್ಕದ ಕಲ್ಲಿನಲ್ಲಿ ಹೆಂಡತಿಯ ತವರಿನ ಹೆಸರೇನು, ಇವಿಷ್ಟನ್ನೂ ಒಟ್ಟಿಗೆ ಬರೆದುಕೊಳ್ಳಿ. ಆಮೇಲೆ ಅದೇ ಕುಟುಂಬವನ್ನು ಚರ್ಚಿನ ಪುಸ್ತಕದಲ್ಲಿ ಹುಡುಕಿ.