ಪೌತಿ ಖಾತೆ: ಮಗಳ ಹೆಸರು ಬಿಟ್ಟುಹೋಗದಂತೆ ಮಾಡುವುದು ಹೇಗೆ?

ಜಗಳೂರಿರಲಿ, ಹೊಳಲ್ಕೆರೆಯಿರಲಿ, ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯಲ್ಲಿ ಮಗಳ ಪಾಲು ಮೊದಲು ತಪ್ಪುವುದು ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ. ‘ಅವಳು ಮದುವೆಯಾಗಿ ಹೋದವಳು’ ಎಂದು ಗಂಡುಮಕ್ಕಳ ಹೆಸರಷ್ಟೇ ಬರೆಸಿರುತ್ತಾರೆ. ಆದ್ದರಿಂದ ಪಹಣಿಗಿಂತ ಮುಂಚೆ ಆ ಹಾಳೆಯ ನಕಲು ಕೇಳಿ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ಅಪ್ಪ ಬದುಕಿರಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪತ್ರವಿದ್ದರೆ ಅದನ್ನು ಕೆದಕಲಾಗದು. ಸ್ವಯಾರ್ಜಿತದ ಲೆಕ್ಕ ಸುಲಭ: ವಿಲ್ ಇಲ್ಲದೆ 4 ಎಕರೆ ಬಿಟ್ಟುಹೋದವರಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳಿದ್ದರೆ ತಲಾ 40 ಗುಂಟೆ. (ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು, ಅಜ್ಜಿಯನ್ನು ಎಲ್ಲರೂ ಮರೆಯುತ್ತಾರೆ.) ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ನೇರವಾಗಿ ಅನ್ವಯಿಸದು. ಮೊಳಕಾಲ್ಮುರು, ಚಳ್ಳಕೆರೆಯ ನಾಯಕ ಕುಟುಂಬದವರು ಮೊದಲು ವಕೀಲರನ್ನು ಕೇಳಬೇಕು.

ಮರಣ ಪ್ರಮಾಣಪತ್ರ, ಎಲ್ಲ ವಾರಸುದಾರರಿರುವ ವಂಶವೃಕ್ಷ, ಪಹಣಿ, ಆಧಾರ್ ನಕಲು ಸೇರಿಸಿ ಪೌತಿ ಖಾತೆಗೆ ಅರ್ಜಿ ಕೊಡಿ. ಅಣ್ಣತಮ್ಮಂದಿರು ಆಗಲೇ ಕೊಟ್ಟಿದ್ದರೆ, ನೋಟಿಸಿನಲ್ಲಿ ಕೊಟ್ಟ ಅವಧಿಯೊಳಗೆ ಲಿಖಿತ ತಕರಾರು ಸಲ್ಲಿಸಿ, ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ಬಾಯಲ್ಲಿ ಹೇಳಿ ಬಂದರೆ ಕಡತದಲ್ಲಿ ಏನೂ ಉಳಿಯದು. ನೋಟಿಸು ತವರೂರಿನ ಚಾವಡಿಯಲ್ಲಿ ಅಂಟಿರುತ್ತದೆ, ಮಗಳು ಗಂಡನ ಊರಲ್ಲಿರುತ್ತಾಳೆ. ಅವಧಿ ಕಳೆಯುವುದು ಹೀಗೆಯೇ. ಖಾತೆ ಆದಮೇಲೆ ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಹೆಸರು ಬಂತೇ ನೋಡಿ.

ದೊಡ್ಡ ಮೋಸ ನಡೆಯುವುದು ಸಹಿಯಲ್ಲಿ. ‘ಸೊಸೈಟಿ ಸಾಲಕ್ಕೆ ಅಕ್ಕಾ, ಒಂದು ಸೈನು’ ಎಂದು ಹಬ್ಬಕ್ಕೆ ಬಂದವಳ ಮುಂದೆ ಕಾಗದ ಇಡುತ್ತಾರೆ. ಮೊದಲ ಪುಟದ ತಲೆಬರಹದಲ್ಲಿ ‘ಹಕ್ಕು ಬಿಡುಗಡೆ ಪತ್ರ’ ಎಂದಿದ್ದರೆ ಪೆನ್ನು ಮುಟ್ಟಬೇಡಿ. ಸಾಲದ ಕಾಗದ ಎಂದು ಹೇಳಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಫೋಟೊ, ಹೆಬ್ಬೆಟ್ಟು ತೆಗೆಸಿದರೂ ಅಲ್ಲೇ ನಿಂತು ಓದಿಸಿ. ನೋಂದಣಿಯಾದ ಬಿಡುಗಡೆಯನ್ನು ರದ್ದು ಮಾಡಿಸಲು ಮೋಸ ನಡೆದದ್ದನ್ನು ಕೋರ್ಟಿನಲ್ಲಿ ನೀವೇ ರುಜುವಾತು ಮಾಡಬೇಕಾಗುತ್ತದೆ.

ಖಾತೆ ಬೇರೆಯವರ ಹೆಸರಿಗೆ ಆಗಿಬಿಟ್ಟಿದ್ದರೂ ಹಕ್ಕು ಮುಳುಗಿಲ್ಲ. ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು, ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ಹೂಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ, ಸಹಾಯವಾಣಿ 15100. ದಾವೆಯ ಜೊತೆಗೇ ಜಮೀನು ಮಾರದಂತೆ ತಡೆಯಾಜ್ಞೆಯ ಅರ್ಜಿಯನ್ನೂ ಹಾಕಿಸಿ.