ಹಳೆಯ ಸತ್ಯವೇದವನ್ನು ಮತ್ತೆ ಕಟ್ಟುವ ಬಗೆ

ಬೆನ್ನು ಹರಿದು ಹಾಳೆ ಸಡಿಲವಾದ ಸತ್ಯವೇದವೊಂದು, ಅಂದರೆ ಬೈಬಲ್, ಕೈಗೆ ಬಂದಾಗ, ಚಾಕು ಹಿಡಿಯುವ ಮೊದಲು ಅದರ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಬೇಕು. ಕೀರ್ತನೆಗಳ ಭಾಗದಲ್ಲಿ ಹೆಬ್ಬೆರಳು ತಾಗಿ ತಾಗಿ ಕಂದಿದ ಮೂಲೆ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ತಾರೀಖು, ಕೆಲವು ಪ್ರತಿಗಳಲ್ಲಿ ಎರಡು ಒಡಂಬಡಿಕೆಗಳ ನಡುವೆ ಇರುವ ಜನನ, ಮದುವೆ, ಮರಣಗಳ ಕುಟುಂಬ ದಾಖಲೆ, ಇವೆಲ್ಲವೂ ಉಳಿಯಲೇಬೇಕು. ಆದ್ದರಿಂದ ಅಂಚನ್ನು ನೇರ ಮಾಡುವ ಆಸೆಯಿಂದ ಪುಸ್ತಕವನ್ನು ಕತ್ತರಿಸುವ ಯಂತ್ರಕ್ಕೆ ಒಡ್ಡಬಾರದು. ಪ್ರತಿ ಬಹಳ ಪ್ರಾಚೀನವೋ ಅಪರೂಪವೋ ಆಗಿದ್ದರೆ ಅದನ್ನು ಬಿಚ್ಚಲೇಬಾರದು. ಪೆಟ್ಟಿಗೆಯಲ್ಲಿಟ್ಟು ಸಂರಕ್ಷಣಾ ತಜ್ಞರಿಗೆ ಒಪ್ಪಿಸುವುದೇ ಸರಿ.

ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ದೇವರು ಬೆಚಲೇಲನನ್ನು ಹೆಸರು ಹಿಡಿದು ಆರಿಸಿಕೊಂಡು, ಕುಶಲ ಕೆಲಸಕ್ಕಾಗಿಯೇ ಅವನಲ್ಲಿ ತನ್ನ ಆತ್ಮವನ್ನು ತುಂಬಿದನೆಂದಿದೆ. ಕೈಕಸಬನ್ನು ಆರಾಧನೆಯೆಂದು ಕರೆಯಲು ನನಗೆ ಇಷ್ಟು ಸಾಕು. ಪ್ರಾರ್ಥಿಸಿ, ಕೈ ತೊಳೆದು ಒರೆಸಿಕೊಂಡು ಕೆಲಸಕ್ಕೆ ಕುಳಿತ ಮೇಲೆ, ಹೊದಿಕೆಯೊಳಗೆ ಮರೆಯಾಗಿಬಿಡುವ ಹೊಲಿಗೆಗೂ ಹೊದಿಕೆಯಷ್ಟೇ ಶ್ರದ್ಧೆ ಸಲ್ಲಬೇಕು.

ಮೊದಲು ಹಳೆಯ ರಟ್ಟನ್ನು ಮೆಲ್ಲಗೆ ಬಿಡಿಸಿ, ಬೆನ್ನಿನ ಮೇಲೆ ಗಟ್ಟಿಯಾದ ಗಂಜಿ ಅಂಟನ್ನು ದಪ್ಪವಾಗಿ ಬಳಿದು ಕಾಲು ಗಂಟೆ ಬಿಟ್ಟರೆ, ಒಣಗಿ ಕಲ್ಲಾಗಿದ್ದ ಹಳೆಯ ಸರೇಸು, ಅಂದರೆ ಪ್ರಾಣಿಗಳ ಚರ್ಮ ಮೂಳೆಗಳಿಂದ ಮಾಡಿದ ಅಂಟು, ಮೆತ್ತಗಾಗುತ್ತದೆ. ಆಗ ಮೊಂಡು ಅಲಗಿನಿಂದ ಅದನ್ನು ಕೆರೆದು ತೆಗೆಯಬಹುದು. ಹೊಲಿಗೆ ಗಟ್ಟಿಯಾಗಿದ್ದರೆ ಮುಟ್ಟಬೇಡಿ. ದಾರ ಹರಿದಿದ್ದರೆ ಮಾತ್ರ ಫಾರಮ್ಮುಗಳನ್ನು, ಅಂದರೆ ಮಡಚಿದ ಹಾಳೆಗಳ ಕಟ್ಟುಗಳನ್ನು, ಕ್ರಮ ತಪ್ಪದಂತೆ ಬೇರ್ಪಡಿಸಿ.

ಹರಿದ ಮಡಿಕೆಗಳನ್ನು ತೆಳುವಾದ ಜಪಾನಿ ಕಾಗದದ ಪಟ್ಟಿಯಿಂದಲೂ ಗೋಧಿ ಪಿಷ್ಟದ ಅಂಟಿನಿಂದಲೂ ಸರಿಪಡಿಸಬೇಕು. ಒಂದು ಪಾಲು ಪಿಷ್ಟಕ್ಕೆ ನಾಲ್ಕೈದು ಪಾಲು ನೀರು ಸೇರಿಸಿ, ಸಣ್ಣ ಉರಿಯಲ್ಲಿ ಬಿಡದೆ ಕಲಕುತ್ತ, ಬಿಳುಪು ಹೋಗಿ ಅರೆಪಾರದರ್ಶಕವಾಗುವವರೆಗೆ ಬೇಯಿಸಿದರೆ ಅಂಟು ಸಿದ್ಧ. ಮುಂದೆಂದಾದರೂ ಇನ್ನೊಬ್ಬರು ಇದನ್ನು ತೇವ ಮಾಡಿ ಬಿಡಿಸಬಹುದು ಎಂಬುದೇ ಇದರ ದೊಡ್ಡ ಗುಣ. ಸೆಲ್ಲೋ ಟೇಪನ್ನು ಮಾತ್ರ ಎಂದೂ ಹಚ್ಚಬೇಡಿ. ಅದರ ಗೋಂದು ಹಳದಿಯಾಗಿ ಕಾಗದದೊಳಕ್ಕೆ ಇಳಿದು, ಅಕ್ಷರಗಳ ಮೇಲೆಯೇ ಕಲೆಯಾಗಿ ನಿಲ್ಲುತ್ತದೆ. ಸತ್ಯವೇದದ ಕಾಗದ ಬಹುಮಟ್ಟಿಗೆ ತೀರಾ ತೆಳು, ಸ್ವಲ್ಪ ತೇವ ಹೆಚ್ಚಾದರೂ ಸುಕ್ಕುಗಟ್ಟುತ್ತದೆ. ಹಾಗಾಗಿ ಕುಂಚದಲ್ಲಿ ಅಂಟು ಕಡಿಮೆಯಿರಲಿ, ಎರಡೂ ಬದಿಗೆ ಒತ್ತುಕಾಗದವಿಟ್ಟು ಭಾರ ಹೇರಿ.

ಹೊಲಿಯಲು ಜೇನುಮೇಣ ಸವರಿದ ಲಿನನ್ ದಾರ ಬೇಕು. ಹೊಸ ತೂತು ಮಾಡದೆ ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ, ದಾರವನ್ನು ಬೆನ್ನಿನ ಉದ್ದಕ್ಕೇ ಎಳೆಯಿರಿ. ಎದುರಿಗೆ ನೆಟ್ಟಗೆ ಎಳೆದರೆ ಕಾಗದ ಸೀಳುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿ ಕೆಳಗಿನ ಫಾರಮ್ಮಿನ ದಾರದೊಳಗೆ ಸೂಜಿ ತೂರಿಸಿ ಗಂಟು ಬಿಗಿಯಬೇಕು.

ಬೆನ್ನಿಗೆ ತೆಳುಬಟ್ಟೆಯನ್ನೂ ಅದರ ಮೇಲೆ ಕಾಗದವನ್ನೂ ಅಂಟಿಸಿದ ಬಳಿಕ ರಟ್ಟಿನ ಸರದಿ. ರಟ್ಟು ಹಾಳೆಗಳಿಗಿಂತ ಮೂರು ಬದಿಗೂ ಸುಮಾರು 3 ಮಿಲಿಮೀಟರ್ ಹೊರಚಾಚಿರಲಿ, ರಟ್ಟಿನ ಮತ್ತು ಹೊಸ ಕಾಗದದ ಎಳೆ, ಅಂದರೆ ಅದರ ನಾರು ಸಾಗುವ ದಿಕ್ಕು, ಬೆನ್ನಿಗೆ ಸಮಾಂತರವಾಗಿರಲಿ. ಇಲ್ಲವಾದರೆ ಹೊದಿಕೆ ಬಾಗುತ್ತದೆ. ಹೊದಿಕೆಗೆ ಆಡಿನ ಚರ್ಮ ಉತ್ತಮ, ಆದರೆ ಒಳಮಡಚುವ ಅಂಚನ್ನು ಚಾಕುವಿನಿಂದ ಹೆರೆದು ತೆಳುಮಾಡದಿದ್ದರೆ ಮೂಲೆಗಳು ಉಬ್ಬಿಕೊಳ್ಳುತ್ತವೆ. ರಟ್ಟಿನ ಒಳಬದಿಗೆ ಕಾಗದ ಅಂಟಿಸಿ, ತೇವ ಹಾಳೆಗಳಿಗೆ ಇಳಿಯದಂತೆ ಮೇಣದ ಕಾಗದವನ್ನು ನಡುವೆ ಇಟ್ಟು, ಒಂದು ಹಗಲು ಒಂದು ರಾತ್ರಿ ಭಾರದಡಿ ಬಿಡಿ.

ಒಣಗಿದ ಪುಸ್ತಕವನ್ನು ಥಟ್ಟನೆ ನಡುವಿನಿಂದ ತೆರೆಯಬಾರದು. ಬೆನ್ನಿನ ಮೇಲೆ ನಿಲ್ಲಿಸಿಕೊಂಡು, ಮೊದಲಲ್ಲಿರುವ ಆದಿಕಾಂಡದ ಕಡೆಯಿಂದ ಕೆಲವು ಹಾಳೆ, ಕೊನೆಯಲ್ಲಿರುವ ಪ್ರಕಟನೆಯ ಕಡೆಯಿಂದ ಕೆಲವು ಹಾಳೆ ಎಂದು ಬದಲಿಸುತ್ತ ಮೆತ್ತಗೆ ಒತ್ತಿ, ನಡುವಿನ ಕೀರ್ತನೆಗಳವರೆಗೆ ಬನ್ನಿ.